ಲ್ಯಾಂಬೋ ಬೀದಿಯ ಅಂಗಳದಲ್ಲಿ ಈರುಳ್ಳಿ ಹೆಚ್ಚಿದ ವರ್ಷ

2021ರ ಅಕ್ಟೋಬರ್ 3ರ ಭಾನುವಾರ, ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ, ನಾವು ಐದು ಜನ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಊರಿನಲ್ಲಿ, ಲ್ಯಾಂಬೋ ಫೀಲ್ಡ್ ಕ್ರೀಡಾಂಗಣದಿಂದ ಎರಡು ಬೀದಿ ಆಚೆಗಿನ ಅಜ್ಜಿಯೊಬ್ಬರ ಮನೆಯಂಗಳದಲ್ಲಿ ಟ್ರಕ್ ನಿಲ್ಲಿಸಿ ಇಳಿದೆವು. ಆ ದಿನ ಗ್ರೀನ್ ಬೇ ಪ್ಯಾಕರ್ಸ್ ಮತ್ತು ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡಗಳ ಫುಟ್‌ಬಾಲ್ ಪಂದ್ಯವಿತ್ತು. ಅದು ಶುರುವಾಗುವುದು ಮಧ್ಯಾಹ್ನ ಮೂರು ಗಂಟೆ ಇಪ್ಪತ್ತೈದು ನಿಮಿಷಕ್ಕೆ. ಐದು ಗಂಟೆ ಮೊದಲೇ ಬಂದು ಒಲೆ ಹೂಡುವುದು ಅಲ್ಲಿನವರಿಗೆ ವಿಶೇಷವೇನಲ್ಲ ಎಂಬುದು ಅಷ್ಟರಲ್ಲಿ ನನಗೂ ತಿಳಿದಿತ್ತು. ತಿಳಿಯದಿದ್ದ ಸಂಗತಿ ಬೇರೆ ಇತ್ತು. ಮಡಿಸುವ ಮೇಜನ್ನು ಬಿಡಿಸುತ್ತ, ಇವತ್ತು ಒಳಗೆ ಹೋಗುವ ಸರದಿ ಯಾರದು ಎಂದು ನಾನು ಕೇಳಿದೆ. ನಮ್ಮ ಗುಂಪಿನ ಹಿರಿಯರು ಇದ್ದಿಲಿನ ಚೀಲದ ಬಾಯಿ ಬಿಚ್ಚುತ್ತಿದ್ದವರು ತಲೆಯೆತ್ತದೆಯೇ, ಯಾರದೂ ಅಲ್ಲ, ಇವತ್ತು ನಮ್ಮಲ್ಲಿ ಟಿಕೆಟ್ಟೇ ಇಲ್ಲ ಎಂದರು.

ಇದಕ್ಕೊಂದು ಹಿನ್ನೆಲೆಯಿದೆ. ಪ್ಯಾಕರ್ಸ್ ತಂಡ 1933ರಿಂದ 1994ರವರೆಗೆ ತನ್ನ ತವರು ಪಂದ್ಯಗಳಲ್ಲಿ ಕೆಲವನ್ನು ಇನ್ನೂರು ಕಿಲೋಮೀಟರಿಗೆ ತುಸು ಕಡಿಮೆ ದೂರದ ಮಿಲ್ವಾಕಿ ನಗರದಲ್ಲಿ ಆಡುತ್ತಿತ್ತು. ಆಮೇಲೆ ಎಲ್ಲ ಪಂದ್ಯಗಳೂ ಗ್ರೀನ್ ಬೇಗೆ ಬಂದವು. ಆದರೆ ಮಿಲ್ವಾಕಿಯಲ್ಲಿ ವರ್ಷದ ಟಿಕೆಟ್ ಹಿಡಿದಿದ್ದವರನ್ನು ಕೈಬಿಡಬಾರದೆಂದು ಪ್ರತಿ ಋತುವಿನ ಎರಡನೆಯ ಮತ್ತು ಐದನೆಯ ತವರು ಪಂದ್ಯಗಳನ್ನು ಅವರಿಗೆ ಬಿಟ್ಟುಕೊಡುವ ಏರ್ಪಾಡಾಯಿತು. ಅದಕ್ಕೆ ಗೋಲ್ಡ್ ಪ್ಯಾಕೇಜ್ ಎಂದು ಹೆಸರು; ಉಳಿದದ್ದು ಗ್ರೀನ್. ನಮ್ಮ ಹಿರಿಯರ ಬಳಿಯಿದ್ದ ಎರಡು ಟಿಕೆಟ್‌ಗಳು ಅವರ ತಂದೆಯ ಕಾಲದಿಂದ ಬಂದ ಗ್ರೀನ್ ಟಿಕೆಟ್‌ಗಳು. ಸ್ಟೀಲರ್ಸ್ ಪಂದ್ಯ ಆ ವರ್ಷದ ಎರಡನೆಯ ತವರು ಪಂದ್ಯವಾದ್ದರಿಂದ ಅಂದು ಅವರ ಆಸನದಲ್ಲಿ ಮಿಲ್ವಾಕಿ ಕಡೆಯ ಯಾರೋ ಕೂರುವವರಿದ್ದರು. ಹಾಗಾದರೆ ನಾವು ಏಕೆ ಬಂದೆವು ಎಂದು ನಾನು ಕೇಳಲಿಲ್ಲ, ಮುಖದಲ್ಲಿ ಕಂಡಿರಬೇಕು. ಅವರು ಎರಡು ಮೂಟೆಯಷ್ಟಿದ್ದ ಈರುಳ್ಳಿ ಚೀಲವನ್ನು ನನ್ನ ಕಡೆಗೆ ದೂಡಿದರು. ಎರಡು ಮೂಟೆ ಎಂಬುದು ನನ್ನ ಅಂದಿನ ಭಯದ ಲೆಕ್ಕ, ನಿಜಕ್ಕೂ ಅದು ಐದು ಕಿಲೋ ಇದ್ದೀತು.

ಇಲ್ಲಿ ಫುಟ್‌ಬಾಲ್ ಎಂದರೆ ಅಮೆರಿಕನ್ ಫುಟ್‌ಬಾಲ್, ಕಾಲಿಗಿಂತ ಕೈಗೇ ಹೆಚ್ಚು ಕೆಲಸವಿರುವ ಆಟ. ಸೆಪ್ಟೆಂಬರಿನಿಂದ ಜನವರಿಯವರೆಗೆ ನಡೆಯುವ ಈ ಆಟದ ಋತುವಿನಲ್ಲಿ ಒಂದು ಊರಿಗೆ ಸಿಗುವುದು ಎಂಟೋ ಒಂಬತ್ತೋ ತವರು ಪಂದ್ಯಗಳು ಮಾತ್ರ. ಹಾಗಾಗಿ ಒಂದೊಂದು ಪಂದ್ಯದ ದಿನವೂ ಒಂದೊಂದು ಜಾತ್ರೆಯೇ ಆಗುತ್ತದೆ. ಪಂದ್ಯಕ್ಕೆ ಮೊದಲು ಕ್ರೀಡಾಂಗಣದ ಸುತ್ತಲ ಬಯಲಿನಲ್ಲಿ ಗಾಡಿಗಳನ್ನು ನಿಲ್ಲಿಸಿ, ಹಿಂಬದಿಯ ಹಲಗೆಯನ್ನು ಇಳಿಸಿ, ಅಲ್ಲೇ ಅಡುಗೆ ಮಾಡಿ ಉಣ್ಣುವುದಕ್ಕೆ ಟೈಲ್‌ಗೇಟಿಂಗ್ ಎನ್ನುತ್ತಾರೆ. ಟೈಲ್‌ಗೇಟ್ ಎಂದರೆ ಟ್ರಕ್ಕಿನ ಆ ಹಿಂಬಾಗಿಲು. ಇದು ಎಲ್ಲಿ ಹುಟ್ಟಿತು ಎನ್ನುವುದಕ್ಕೆ ಹಲವು ಊರುಗಳು ಹಕ್ಕು ಸಾಧಿಸುತ್ತವೆ. ತಂಡ ಹುಟ್ಟಿದ 1919ರಲ್ಲೇ ರೈತರು ಮೈದಾನದ ಅಂಚಿಗೆ ಟ್ರಕ್‌ಗಳನ್ನು ಹಿಮ್ಮುಖವಾಗಿ ತಂದು ನಿಲ್ಲಿಸಿ, ಹಿಂಬಾಗಿಲ ಮೇಲೆ ಕೂತು ಆಟ ನೋಡುತ್ತಿದ್ದರು, ಆ ಮಾತು ಬಂದದ್ದೇ ಅಲ್ಲಿಂದ ಎಂದು ಗ್ರೀನ್ ಬೇಯವರು ಹೇಳಿಕೊಳ್ಳುತ್ತಾರೆ. ಹೇಳಿಕೊಳ್ಳಲಿ. ತಮ್ಮೂರಿನ ದೇವರೇ ಮೊದಲು ಮೂಡಿದ್ದು ಎನ್ನದ ಊರು ನಮ್ಮಲ್ಲೂ ಇಲ್ಲ.

ಒಂದು ಲಕ್ಷದ ಆಸುಪಾಸು ಜನಸಂಖ್ಯೆಯ ಆ ಊರಿನಲ್ಲಿ ಎಂಬತ್ತೊಂದು ಸಾವಿರಕ್ಕೂ ಹೆಚ್ಚು ಜನ ಕೂರುವ ಕ್ರೀಡಾಂಗಣವಿದೆ. ಅದು ಪಟ್ಟಣದ ಹೊರವಲಯದ ಯಾವುದೋ ಹೆದ್ದಾರಿಯ ಬದಿಯಲ್ಲಿಲ್ಲ, ಮನೆಗಳ ನಡುವೆಯೇ ಇದೆ. ಬಟ್ಟೆ ಒಣಹಾಕಿದ ಹಿತ್ತಲು, ಮಕ್ಕಳ ಜಾರುಬಂಡೆ, ಅದರ ಹಿಂದೆ ಆಕಾಶಕ್ಕೆ ಎದ್ದ ಕ್ರೀಡಾಂಗಣದ ಗೋಡೆ. ಪಂದ್ಯದ ದಿನ ಆ ಬೀದಿಗಳ ಜನ ತಮ್ಮ ಅಂಗಳದ ಹುಲ್ಲಿನ ಮೇಲೆ ಕಾರು ನಿಲ್ಲಿಸಲು ಜಾಗ ಕೊಟ್ಟು ಬಾಡಿಗೆ ಪಡೆಯುತ್ತಾರೆ. ತಂಡದ ಸ್ವಂತ ನಿಲುಗಡೆಯ ಬಯಲೂ ಇದೆ. ಆದರೆ ಅಂಗಳಗಳಲ್ಲಿ ಪ್ರತಿಸಲವೂ ಅದೇ ಮನೆ, ಅದೇ ಮರ, ಅದೇ ಅಕ್ಕಪಕ್ಕ ಸಿಗುತ್ತದೆ. ನಮ್ಮ ಅಜ್ಜಿ ರಟ್ಟಿನ ತುಂಡಿನ ಮೇಲೆ ದರ ಬರೆದು ಬೇಲಿಗೆ ಸಿಕ್ಕಿಸುತ್ತಿದ್ದರು. ಹಳಬರಿಗೆ ಬಚ್ಚಲುಮನೆ ಬಳಸಲು ಅನುಮತಿಯಿತ್ತು. ಬಿಯರು ಕುಡಿಯುವ ಜನರ ನಡುವೆ ಇದಕ್ಕಿಂತ ದೊಡ್ಡ ಸವಲತ್ತು ಇನ್ನೊಂದಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಗುಂಪಿನ ಪರಿಚಯವನ್ನು ಚುಟುಕಾಗಿ ಮುಗಿಸುತ್ತೇನೆ. ಹಿರಿಯರು ಫಾಕ್ಸ್ ನದಿಯ ದಂಡೆಯ ಕಾಗದದ ಗಿರಣಿಯೊಂದರಲ್ಲಿ ದುಡಿದು ನಿವೃತ್ತರಾದವರು, ಒಲೆ ಅವರದು. ಟ್ರಕ್ಕಿನ ಯಜಮಾನ ಅವರ ಅಕ್ಕನ ಮಗ, ಎಲೆಕ್ಟ್ರಿಷಿಯನ್. ಪ್ರಾಥಮಿಕ ಶಾಲೆಯ ಟೀಚರೊಬ್ಬರಿದ್ದರು. ಲೆಕ್ಕ, ಖರೀದಿ, ಯಾರು ಎಷ್ಟು ಕೊಡಬೇಕು ಎಂಬ ಚೀಟಿ ಎಲ್ಲವೂ ಅವರ ಕೈಯಲ್ಲಿ. ನಾಲ್ಕನೆಯವರು ದಾವಣಗೆರೆಯ ಅಣ್ಣ. ಆಪಲ್ಟನ್ ಊರಿನಲ್ಲಿ ಹತ್ತು ವರ್ಷ ಹಿರಿಯರ ಪಕ್ಕದ ಮನೆಯಲ್ಲಿದ್ದು, ಎಲೆಗಳನ್ನು ಗುಡಿಸುತ್ತ, ಹಿಮ ತೋಡುತ್ತ ಈ ಗುಂಪಿಗೆ ಸೇರಿದವರು. ಐದನೆಯವನು ಸಾಗರದ ಸೀಮೆಯ ನಾನು. ಕೆಲಸದ ಮೇಲೆ ಅದೇ ಊರಿಗೆ ಬಂದು, ಕೊರೋನಾದ ಇಡೀ ವರ್ಷ ಒಂದು ಕೋಣೆಯಲ್ಲಿ ಕಂಪ್ಯೂಟರಿನ ಎದುರು ಕೂತು, ಕನ್ನಡವನ್ನೂ ಇಂಗ್ಲಿಷನ್ನೂ ಬಾಯಿಬಿಟ್ಟು ಆಡುವುದನ್ನೇ ಮರೆಯುವ ಸ್ಥಿತಿಗೆ ತಲುಪಿದ್ದೆ. ಅಣ್ಣನೇ ಒಂದು ದಿನ ಫೋನು ಮಾಡಿ, ಸೋಮವಾರ ರಜೆ ಹಾಕಪ್ಪಾ, ಒಂದು ಜಾತ್ರೆಗೆ ಕರೆದುಕೊಂಡು ಹೋಗುತ್ತೇನೆ ಎಂದರು.

ಆ ಸೋಮವಾರ ಸೆಪ್ಟೆಂಬರ್ 20, ಡೆಟ್ರಾಯಿಟ್ ಲಯನ್ಸ್ ವಿರುದ್ಧದ ಪಂದ್ಯ, ಋತುವಿನ ಮೊದಲ ತವರು ಪಂದ್ಯ. ಹಿಂದಿನ ವರ್ಷ ಕ್ರೀಡಾಂಗಣ ಬಹುಪಾಲು ಖಾಲಿಯಾಗಿಯೇ ಇತ್ತು. ಸುತ್ತಲ ಬಯಲಿನಲ್ಲಿ ಒಲೆ ಹೊತ್ತಿರಲಿಲ್ಲ. ಹೀಗಾಗಿ ಅಂದು ಜನ ಒಬ್ಬರನ್ನೊಬ್ಬರು ಅಪ್ಪಿಕೊಳ್ಳುವುದನ್ನು, ಅಪ್ಪಿಕೊಳ್ಳಲು ಹೋಗಿ ತಡೆದು ಮೊಣಕೈ ಚಾಚುವುದನ್ನು ನೋಡುತ್ತ ನಾನು ಒಂದು ಮಡಿಸುವ ಕುರ್ಚಿಯಲ್ಲಿ ಕೂತಿದ್ದೆ. ಬಂದವರೆಲ್ಲ ನನ್ನನ್ನು ಚೆನ್ನಾಗಿ ಮಾತನಾಡಿಸಿದರು, ತಿನ್ನಲು ಕೊಟ್ಟರು, ಆಟದ ನಿಯಮ ಹೇಳಿಕೊಟ್ಟರು. ಮೂರು ಗಂಟೆಯಲ್ಲಿ ಯಾರೂ ನನ್ನಿಂದ ಒಂದು ಲೋಟವನ್ನೂ ಎತ್ತಿಸಲಿಲ್ಲ. ರಾತ್ರಿ ಮನೆಗೆ ಬಂದಾಗ ಹಿತವಾಗಿತ್ತು, ಆದರೂ ಸಿನಿಮಾ ನೋಡಿ ಬಂದವನ ಹಿತದಂತಿತ್ತು.

ಆ ಪಂದ್ಯದ ಒಂದು ಸಂಗತಿ ಮಾತ್ರ ಇಡೀ ಋತು ನಮ್ಮ ನಡುವೆ ಸುಳಿಯುತ್ತಿತ್ತು. ಅಂದು ನಾಲ್ಕು ಟಚ್‌ಡೌನ್ ಗಳಿಸಿದ, ಅಂದರೆ ನಾಲ್ಕು ಸಲ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದ, ಪ್ಯಾಕರ್ಸ್ ಆಟಗಾರ ಆರನ್ ಜೋನ್ಸ್ ಅದೇ ಏಪ್ರಿಲಿನಲ್ಲಿ ತಂದೆಯನ್ನು ಕಳೆದುಕೊಂಡಿದ್ದ. ತಂದೆಯ ಚಿತಾಭಸ್ಮವನ್ನು ತುಂಬಿದ ಪದಕವೊಂದನ್ನು ಕೊರಳಲ್ಲಿ ಧರಿಸಿ ಆಡುತ್ತಿದ್ದವನು ಒಂದು ಟಚ್‌ಡೌನ್ ಹೊತ್ತಿನಲ್ಲಿ ಅದನ್ನು ಹುಲ್ಲಿನಲ್ಲಿ ಕಳೆದುಕೊಂಡ. ತಂಡದ ತರಬೇತಿ ಸಿಬ್ಬಂದಿಯೊಬ್ಬರು ನಡುರಾತ್ರಿ ಕಳೆದು ಒಂದೂಮುಕ್ಕಾಲರವರೆಗೆ ಹುಡುಕಿ ಅದನ್ನು ಪತ್ತೆಮಾಡಿದರು. ಭಸ್ಮವನ್ನು ಹರಿಯುವ ನೀರಿಗೆ ಬಿಟ್ಟು ಹಿಂತಿರುಗಿ ನೋಡದೆ ಬರಬೇಕೆಂದು ಕಲಿತವನು ನಾನು. ಅದನ್ನು ಕೊರಳಿಗೆ ಕಟ್ಟಿಕೊಂಡು ನೂರು ಕಿಲೋದ ಆಳುಗಳ ನಡುವೆ ನುಗ್ಗುವುದೆಂದರೆ ಮೈ ಜುಮ್ಮೆಂದಿತ್ತು. ಹಾಗೆಂದು ಹಿರಿಯರ ಬಳಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬಿದ್ದರೆ ಬೀಳಲಿ, ಆ ಹುಲ್ಲಿಗಿಂತ ಒಳ್ಳೆಯ ಜಾಗ ಆ ಅಪ್ಪನಿಗೆ ಎಲ್ಲಿ ಸಿಗುತ್ತಿತ್ತು ಎಂದರು. ನಮ್ಮಲ್ಲಿ ಗಂಗೆಯಾದರೇನು ಊರ ಹೊಳೆಯಾದರೇನು ಎನ್ನುವುದಿಲ್ಲವೇ, ಹೆಚ್ಚುಕಡಿಮೆ ಅದೇ ಮಾತು.

ಈಗ ಈರುಳ್ಳಿಗೆ ಬರುತ್ತೇನೆ. ವಿಸ್ಕಾನ್ಸಿನ್ನಿನ ಟೈಲ್‌ಗೇಟಿಂಗ್‌ನ ಮುಖ್ಯ ಅಡುಗೆ ಬ್ರಾಟ್‌ವುರ್ಸ್ಟ್ ಎಂಬ ಹಂದಿಮಾಂಸದ ಸಾಸೇಜ್. ಜರ್ಮನಿಯಿಂದ ಬಂದು ನೆಲೆಸಿದವರ ಬಳುವಳಿ, ಬಾಯಿಮಾತಿನಲ್ಲಿ ಬ್ರಾಟ್. ಅಗಲವಾದ ಅಲ್ಯೂಮಿನಿಯಂ ತಟ್ಟೆಯಲ್ಲಿ ಬಿಯರು, ಬೆಣ್ಣೆ ಮತ್ತು ಉದ್ದುದ್ದ ಸೀಳಿದ ಈರುಳ್ಳಿಯನ್ನು ಹಾಕಿ ಒಲೆಯ ಮೇಲಿಡುತ್ತಾರೆ. ಮೊದಲು ಅದರಲ್ಲಿ ಬೇಯಿಸಿ ಆಮೇಲೆ ಕೆಂಡದ ಮೇಲೆ ಸುಡಬೇಕೋ, ಮೊದಲು ಸುಟ್ಟು ಆಮೇಲೆ ಅದರಲ್ಲಿ ಮುಳುಗಿಸಿಡಬೇಕೋ ಎಂಬ ವಿಷಯದಲ್ಲಿ ಎರಡು ಪಂಥಗಳಿವೆ; ಮಾವ–ಅಳಿಯರ ನಡುವೆಯೇ ಈ ವಾದ ಪ್ರತಿ ವಾರ ನಡೆಯುತ್ತಿತ್ತು, ದ್ವೈತ–ಅದ್ವೈತದಂತೆ ಎಂದೂ ಮುಗಿಯುತ್ತಿರಲಿಲ್ಲ. ಎರಡು ಪಂಥಕ್ಕೂ ಈರುಳ್ಳಿ ಮಾತ್ರ ಬೇಕೇ ಬೇಕು. ನಾನು ಮಾಂಸ ತಿನ್ನುವವನಲ್ಲ. ಅಕ್ಟೋಬರ್ 3ರಂದು ಆ ಚೀಲವನ್ನು ನನ್ನ ಕಡೆಗೆ ದೂಡಿದ ಹಿರಿಯರಿಗೆ ಅದು ಗೊತ್ತಿತ್ತು. ತಿನ್ನುವುದಿಲ್ಲ ಸರಿ, ಹೆಚ್ಚಲು ಬರುತ್ತದೆ ತಾನೇ ಎಂದರು.

ನಮ್ಮ ಊರಿನ ಕಡೆ ಮದುವೆಯ ಹಿಂದಿನ ರಾತ್ರಿ ಊರವರೆಲ್ಲ ಸೇರಿ ತರಕಾರಿ ಹೆಚ್ಚುವ ಪದ್ಧತಿಯಿತ್ತು. ಚಪ್ಪರದಡಿ ಕಂಬಳಿ ಹಾಸಿ, ಸಾಲಾಗಿ ಮೆಟ್ಟುಗತ್ತಿಗಳನ್ನಿಟ್ಟು, ಸೌತೆಕಾಯಿಯ ರಾಶಿಯ ಸುತ್ತ ಕೂರುತ್ತಿದ್ದರು. ಒಬ್ಬರು ಕಾಯಿ ತುರಿಯುತ್ತಿದ್ದರು, ಇನ್ನೊಬ್ಬರು ಬಾಳೆಲೆ ಒರೆಸುತ್ತಿದ್ದರು. ಅಲ್ಲಿ ಕೆಲಸ ಸಿಕ್ಕವನು ಮನೆಯವನು. ಕೆಲಸ ಸಿಗದೆ ಕುರ್ಚಿ ಸಿಕ್ಕವನು ನೆಂಟ. ಕುರ್ಚಿಯವನಿಗೆ ಮರ್ಯಾದೆ ಹೆಚ್ಚು, ಕಾಫಿ ಮೊದಲು ಅವನಿಗೇ. ಆದರೆ ನಡುರಾತ್ರಿಯ ನಗು, ಚಾಡಿ, ಹಳೆಯ ಜಗಳಗಳ ನೆನಪು ಎಲ್ಲವೂ ಸೌತೆಕಾಯಿಯ ರಾಶಿಯ ಕಡೆಗೇ ಇರುತ್ತಿತ್ತು. ಸೆಪ್ಟೆಂಬರ್ 20ರಂದು ನನಗೆ ಕುರ್ಚಿ ಸಿಕ್ಕಿತ್ತು, ಅಕ್ಟೋಬರ್ 3ರಂದು ಚಾಕು ಸಿಕ್ಕಿತು. ಕುಡಿಯದವನಾದ್ದರಿಂದ ಹಿಂತಿರುಗುವಾಗ ಟ್ರಕ್ ಓಡಿಸುವ ಕೆಲಸವೂ ಅದೇ ದಿನ ನನ್ನ ಹೆಗಲಿಗೆ ಬಿತ್ತು. ಮುಂದಿನ ಪಂದ್ಯದ ಹೊತ್ತಿಗೆ ಒಲೆಯ ಪಕ್ಕದಲ್ಲಿ ಒಂದು ಪುಟ್ಟ ಬೀಡುಕಬ್ಬಿಣದ ಬಾಣಲೆ ಬಂದಿತ್ತು. ಹಿಡಿಕೆಗೆ ಹಸಿರು ಬಣ್ಣ ಬಳಿದಿದ್ದರು. ಅದಕ್ಕೆ ಮಾಂಸ ಸೋಕಿಸಬಾರದೆಂದು ಹಿರಿಯರ ಕಟ್ಟಪ್ಪಣೆಯಾಗಿತ್ತು. ಅವರ ಅಕ್ಕನ ಮಗ ಒಮ್ಮೆ ಮರೆತು ಬ್ರಾಟ್ ತಿರುವುವ ಇಕ್ಕಳವನ್ನು ಅದರಲ್ಲಿ ಇಟ್ಟಾಗ ಅವರು ಬೈದ ಬಗೆಯನ್ನು ನೋಡಿದ್ದರೆ ಊರಿನಲ್ಲಿನ ನನ್ನ ಅಜ್ಜಿಯ ಮಡಿಯೂ ತಲೆಬಾಗಬೇಕಿತ್ತು.

ಟಿಕೆಟ್ ಇಲ್ಲದ ಆ ದಿನವೇ ನಾನು ಇನ್ನೊಂದನ್ನು ಕಂಡುಕೊಂಡೆ. ಪಂದ್ಯ ಶುರುವಾದ ಮೇಲೆ ಹೊರಗುಳಿದವರು ಟ್ರಕ್ಕಿನ ಹಿಂಬಾಗಿಲ ಮೇಲೆ ಪುಟ್ಟ ಟಿ.ವಿ. ಇಟ್ಟು ಆಟ ನೋಡುತ್ತಾರೆ. ಆದರೆ ಪ್ರಸಾರ ಕೆಲವು ಸೆಕೆಂಡು ತಡವಾಗಿ ಬರುತ್ತದೆ. ಎರಡು ಬೀದಿ ಆಚೆಯ ಎಂಬತ್ತು ಸಾವಿರ ಗಂಟಲುಗಳ ಸದ್ದು ಅದಕ್ಕಿಂತ ಮೊದಲೇ ತಲುಪುತ್ತದೆ. ಟಿ.ವಿ.ಯಲ್ಲಿ ಪ್ಯಾಕರ್ಸ್ ತಂಡದ ಮುಖ್ಯ ಎಸೆತಗಾರ ಆರನ್ ರಾಡ್ಜರ್ಸ್ ಇನ್ನೂ ಚೆಂಡು ಹಿಡಿದು ನಿಂತಿರುವಾಗಲೇ ಮನೆಗಳ ಮಾಡಿನ ಮೇಲಿನಿಂದ ಹುಯ್ಲು ಉರುಳಿ ಬರುತ್ತಿತ್ತು, ನಾವು ಕೈಯೆತ್ತಿ ಕೂಗುತ್ತಿದ್ದೆವು, ಆಮೇಲೆ ಆತ ಚೆಂಡು ಎಸೆಯುತ್ತಿದ್ದ. ಏನಾಗುತ್ತದೆಂದು ತಿಳಿದು, ಹೇಗಾಯಿತೆಂದು ನೋಡುವ ಈ ಸುಖವನ್ನು ಬಾಲ್ಯದಲ್ಲಿ ಯಕ್ಷಗಾನ ನೋಡಿದವರಿಗೆ ವಿವರಿಸಬೇಕಾಗಿಲ್ಲ. ಅಂದು ಪ್ಯಾಕರ್ಸ್ 27–17ರಿಂದ ಗೆದ್ದಿತು. ಎಲ್ಲ ಹುಯ್ಲೂ ನಮಗೆ ಅನುಕೂಲವಾಗಿಯೇ ಬಂತು.

ಅಕ್ಟೋಬರ್ 24, ವಾಷಿಂಗ್ಟನ್ ವಿರುದ್ಧದ ಪಂದ್ಯ, ದಾವಣಗೆರೆ ಅಣ್ಣನ ದಿನ. ಅಮೆರಿಕದವರು ಇಡೀ ಟರ್ಕಿ ಕೋಳಿಯನ್ನು ಕರಿಯಲು ಬಳಸುವ ಭಾರಿ ಪಾತ್ರೆಯನ್ನು ಪ್ರೊಪೇನ್ ಒಲೆಯ ಮೇಲಿಟ್ಟು, ಎಣ್ಣೆ ತುಂಬಿ, ಅವರು ಮಿರ್ಚಿ ಬಜ್ಜಿ ಕರಿದರು. ಮಂಡಕ್ಕಿಯನ್ನು ಮಿಲ್ವಾಕಿಯ ಅಂಗಡಿಯಿಂದ ತಂದಿದ್ದರು. ನನ್ನ ಈರುಳ್ಳಿಯ ಅರ್ಧಪಾಲು ಈಗ ಸಣ್ಣಗೆ ಕೊಚ್ಚಿಸಿಕೊಂಡು ಮಂಡಕ್ಕಿಯ ಕಡೆಗೆ ಹೋಯಿತು. ಗಾಳಿ ಬೀಸಿದಾಗ ಒಂದಿಷ್ಟು ಮಂಡಕ್ಕಿ ಹಾರಿ ಪಕ್ಕದ ಅಂಗಳದವರ ಕೂದಲಿನಲ್ಲಿ ಸಿಕ್ಕಿಕೊಂಡಿತು. ಕ್ಷಮೆ ಕೇಳಲು ಒಂದು ತಟ್ಟೆ ಬಜ್ಜಿ ಕಳಿಸಿದೆವು, ಅವರು ಮತ್ತೊಂದು ತಟ್ಟೆಗೆ ಬಂದರು. ಟೀಚರಮ್ಮ ಬಜ್ಜಿಯೊಳಗಿನ ಮೆಣಸಿನಕಾಯಿ ಖಾರವೆಂದು ಕಣ್ಣೀರು ಹಾಕುತ್ತ ನಾಲ್ಕು ತಿಂದರು. ಮಲೆನಾಡಿನಲ್ಲಿ ಡಬ್ಬಿ ತೆರೆದ ಹತ್ತು ನಿಮಿಷಕ್ಕೆ ಮೆತ್ತಗಾಗುವ ಮಂಡಕ್ಕಿ ಅಲ್ಲಿನ ಒಣ ಚಳಿಗಾಳಿಯಲ್ಲಿ ಸಂಜೆಯವರೆಗೂ ಗರಿಗರಿಯಾಗಿಯೇ ಇದ್ದದ್ದು ನನಗೆ ಬಹಳ ಹೊತ್ತು ಸೋಜಿಗವೆನಿಸಿತು.

ಇಲ್ಲಿಯವರೆಗಿನದನ್ನು ಓದಿ ಇವರೆಲ್ಲ ಎಂಥ ಒಗ್ಗಟ್ಟಿನ ಜನ ಎಂದು ಯಾರಾದರೂ ಭಾವಿಸಿದರೆ ನನ್ನ ಬರಹದ್ದೇ ತಪ್ಪು. ನವೆಂಬರ್ ಮೊದಲ ವಾರ ರಾಡ್ಜರ್ಸ್‌ಗೆ ಕೊರೋನಾ ತಗುಲಿತು. ಲಸಿಕೆಯ ಬಗ್ಗೆ ಆಗಸ್ಟಿನಲ್ಲಿ ಕೇಳಿದಾಗ ತನಗೆ ರಕ್ಷಣೆ ಆಗಿದೆ ಎಂಬರ್ಥದ ಮಾತಾಡಿದ್ದ ಆತ ಲಸಿಕೆ ಹಾಕಿಸಿಕೊಂಡಿರಲಿಲ್ಲ ಎಂಬುದು ಬಯಲಾಯಿತು. ಆತನಿಲ್ಲದೆ ಕ್ಯಾನ್ಸಸ್ ಸಿಟಿಯಲ್ಲಿ ತಂಡ 13–7ರಿಂದ ಸೋತಿತು. ಮುಖಗವಸು ಹಾಕಿದ ಮಕ್ಕಳಿಗೆ ಇಡೀ ವರ್ಷ ಅಕ್ಷರ ಕಲಿಸಿದ್ದ ಟೀಚರಮ್ಮನಿಗೆ ಇದು ಮೋಸವೆನಿಸಿತು. ಟ್ರಕ್ಕಿನ ಯಜಮಾನನಿಗೆ ಅದು ಒಬ್ಬನ ಸ್ವಂತ ವಿಷಯವೆನಿಸಿತು. ನವೆಂಬರ್ 14ರಂದು ಸಿಯಾಟಲ್ ವಿರುದ್ಧ ರಾಡ್ಜರ್ಸ್ ಮತ್ತೆ ಕಣಕ್ಕಿಳಿದ ದಿನ ಆಪಲ್ಟನ್ನಿನಿಂದ ಗ್ರೀನ್ ಬೇವರೆಗೆ ಟ್ರಕ್ಕಿನಲ್ಲಿ ಇಬ್ಬರೂ ಒಂದು ಮಾತಾಡಲಿಲ್ಲ. ಅಂಗಳದಲ್ಲಿ ಜೋಳ ತುಂಬಿದ ಪುಟ್ಟ ಚೀಲಗಳನ್ನು ತೂತು ಕೊರೆದ ಹಲಗೆಗೆ ಗುರಿಯಿಟ್ಟು ಎಸೆಯುವ ಆಟವಿದೆ. ಪ್ರತಿಸಲವೂ ಒಂದೇ ಪಕ್ಷದಲ್ಲಿ ಆಡುತ್ತಿದ್ದ ಅವರು ಅಂದು ಎದುರುಬದುರಾಗಿ ನಿಂತು, ಚೀಲವನ್ನಲ್ಲ ಕಲ್ಲನ್ನು ಎಸೆಯುವವರಂತೆ ಎಸೆದರು. ಹಿರಿಯರು ಮಧ್ಯೆ ಬಾಯಿ ಹಾಕಲಿಲ್ಲ. ಊಟದ ಹೊತ್ತಿಗೆ ಟೀಚರಮ್ಮ ಎಂದಿನಂತೆ ಚೀಟಿ ತೆಗೆದು, ಇದ್ದಿಲಿನ ಬಾಬ್ತು ನಿನ್ನದು ಹನ್ನೊಂದು ಡಾಲರ್ ಬಾಕಿಯಿದೆ ಎಂದು ಅವನಿಗೆ ಹೇಳಬೇಕಾಯಿತು. ಅವನು ಚಿಲ್ಲರೆ ಎಣಿಸಿ ಕೊಡಬೇಕಾಯಿತು. ಲೆಕ್ಕದ ಚೀಟಿ ಅಂದು ನಮ್ಮನ್ನು ಉಳಿಸಿತು. ರಾಜಿ ಎನ್ನುವಂಥದ್ದು ಆಗಲೂ ಆಗಲಿಲ್ಲ, ಆಮೇಲೂ ಆಗಲಿಲ್ಲ. ಮಾತು ಮಾತ್ರ ಶುರುವಾಯಿತು. ತಂಡ 17–0ರಿಂದ ಗೆದ್ದಿತ್ತು.

ಅದೇ ವಾರ ಪ್ಯಾಕರ್ಸ್ ಷೇರು ಮಾರಾಟ ಶುರುವಾಯಿತು. ಅಮೆರಿಕದ ದೊಡ್ಡ ಕ್ರೀಡಾ ತಂಡಗಳೆಲ್ಲ ಕೋಟ್ಯಧಿಪತಿಗಳ ಸ್ವತ್ತಾಗಿರುವಾಗ ಈ ತಂಡವೊಂದು 1923ರಿಂದ ಸಾರ್ವಜನಿಕರ ಷೇರಿನ ಮೇಲೆ ನಿಂತಿದೆ. ಇದು ಆರನೆಯ ಸಲದ ಮಾರಾಟ. ಒಂದು ಷೇರಿಗೆ 300 ಡಾಲರ್. ಲಾಭಾಂಶವಿಲ್ಲ, ಮಾರುವಂತಿಲ್ಲ, ಟಿಕೆಟ್‌ನಲ್ಲಿ ಆದ್ಯತೆಯೂ ಇಲ್ಲ. ಸಿಗುವುದು ಒಂದು ಕಾಗದ ಮತ್ತು ವಾರ್ಷಿಕ ಸಭೆಗೆ ಹೋಗಿ ಮತ ಹಾಕುವ ಹಕ್ಕು. ಐದು ಲಕ್ಷಕ್ಕೂ ಹೆಚ್ಚು ಜನರ ಬಳಿ ಈ ಕಾಗದವಿದೆ. ನಮ್ಮೂರಿನ ಸೊಸೈಟಿಯ ಷೇರಾದರೂ ವರ್ಷಕ್ಕೊಮ್ಮೆ ಸಿಹಿ ಪೊಟ್ಟಣ ಕೊಡುತ್ತಿತ್ತು ಎಂದು ನಾನು ನಗೆಯಾಡಿದೆ. ದಾವಣಗೆರೆ ಅಣ್ಣ ನಗಲಿಲ್ಲ, ಎರಡು ಷೇರು ಕೊಂಡರು. ಈ ಊರಿನಲ್ಲಿ ಹತ್ತು ವರ್ಷ ಹಿಮ ತೋಡಿದ್ದಕ್ಕೆ ಒಂದು ರಸೀದಿ ಬೇಡವೇನಪ್ಪಾ ಎಂದರು.

ನವೆಂಬರ್ 28ರ ರಾಮ್ಸ್ ಪಂದ್ಯ ಮತ್ತೆ ಮಿಲ್ವಾಕಿಯವರ ಪಾಲಿನದು, ಅಂದರೆ ನಮಗೆ ಮತ್ತೆ ಟಿಕೆಟ್ ಇಲ್ಲ. ಆದರೂ ಹೋದೆವು, ಈ ಸಲ ನನಗೆ ಏನೂ ವಿಚಿತ್ರವೆನಿಸಲಿಲ್ಲ.

ಒಳಗೆ ಹೋಗುವ ಸರದಿ ನನಗೆ ಬಂದದ್ದು ಡಿಸೆಂಬರ್ 12ರ ರಾತ್ರಿ, ಶಿಕಾಗೋ ಬೇರ್ಸ್ ವಿರುದ್ಧ. ಈ ಎರಡು ತಂಡಗಳ ವೈರ ಈ ಆಟದಲ್ಲೇ ಅತಿ ಹಳೆಯ ವೈರಗಳಲ್ಲೊಂದು. ಟಿಕೆಟ್‌ಗಾಗಿ ಕಾಯುವವರ ಪಟ್ಟಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೆಸರುಗಳಿರುವ, ಮಗು ಹುಟ್ಟಿದ ಕೂಡಲೇ ಅದರ ಹೆಸರನ್ನು ಆ ಪಟ್ಟಿಗೆ ಸೇರಿಸುವ ಊರಿನಲ್ಲಿ, ಆಟದ ನಿಯಮವೇ ಅರ್ಧಂಬರ್ಧ ತಿಳಿದ ನಾನು ಹಿರಿಯರ ತಂದೆ ಕೂರುತ್ತಿದ್ದ ಜಾಗದಲ್ಲಿ ಕೂತೆ. ಆಸನವೆಂದರೆ ಬೆನ್ನಾನಿಕೆಯಿಲ್ಲದ ಲೋಹದ ಬೆಂಚು. ದಪ್ಪ ಜಾಕೆಟ್ ತೊಟ್ಟವರ ನಡುವೆ ತೊಡೆಗೆ ತೊಡೆ ತಾಗಿಸಿ, ನಮ್ಮ ಊರಿನ ಬಸ್ಸಿನಲ್ಲಿ ಕೂತಂತೆ ಕೂರಬೇಕು. ಅಂದು ಬೇರ್ಸ್ ಮೊದಲಾರ್ಧಕ್ಕೆ 27–21ರಿಂದ ಮುಂದಿದ್ದರೂ ಕೊನೆಗೆ ಪ್ಯಾಕರ್ಸ್ 45–30ರಿಂದ ಗೆದ್ದಿತು. ನನಗೆ ನೆನಪಿರುವುದು ರಸೂಲ್ ಡಗ್ಲಸ್ ಎಂಬಾತ ಎದುರಾಳಿಯ ಎಸೆತವನ್ನು ನಡುವೆಯೇ ಹಿಡಿದು 55 ಗಜ ಓಡಿ ಗಳಿಸಿದ ಟಚ್‌ಡೌನ್. ಅಕ್ಟೋಬರಿನವರೆಗೆ ಅರಿಜೋನಾ ತಂಡದ ಅಭ್ಯಾಸದ ಬಳಗದಲ್ಲಿ, ಪಂದ್ಯವಿಲ್ಲದೆ ಕೂತಿದ್ದವನು ಆತ. ಗಾಯಾಳುಗಳು ಹೆಚ್ಚಾಗಿ ಪ್ಯಾಕರ್ಸ್ ಕರೆಸಿಕೊಂಡ ಕೆಲವೇ ವಾರಗಳಲ್ಲಿ ಅದೇ ಅರಿಜೋನಾದ ವಿರುದ್ಧ ಕೊನೆಯ ಗಳಿಗೆಯಲ್ಲಿ ಚೆಂಡು ಕಿತ್ತು ಪಂದ್ಯ ಗೆಲ್ಲಿಸಿದ್ದ. ಕುರ್ಚಿಯಿಂದ ಎದ್ದವನ ಕೈಗೆ ಚಾಕು ಸಿಕ್ಕ ಕಥೆಯೆಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ, ಹಿರಿಯರಿಗೆ ಹೇಳಲಿಲ್ಲ. ಒಂದು ಮಾತು ಒಪ್ಪಿಕೊಳ್ಳಬೇಕು: ಮೂರನೆಯ ಭಾಗದ ಹೊತ್ತಿಗೆ, ಅಂಗಳದಲ್ಲಿ ಈಗ ಏನು ನಡೆಯುತ್ತಿರಬಹುದು, ಕೆಂಡ ಆರಿತೇ ಎಂದು ಯೋಚಿಸುತ್ತಿದ್ದೆ.

ಕ್ರಿಸ್‌ಮಸ್ ದಿನದ ಪಂದ್ಯಕ್ಕೆ ಟೀಚರಮ್ಮ ಬರಲಿಲ್ಲ, ಅಜ್ಜಿ ಬಿಸ್ಕತ್ತು ಕೊಟ್ಟರು, ಕ್ಲೀವ್‌ಲ್ಯಾಂಡ್ ಎದುರು ತಂಡ 24–22ರಿಂದ ಹೇಗೋ ಪಾರಾಯಿತು. ಹೊಸ ವರ್ಷದ ಎರಡನೆಯ ದಿನದ ಮಿನ್ನೆಸೋಟ ಪಂದ್ಯಕ್ಕೆ ಹೋಗುವ ಹೊತ್ತಿಗೆ ಚಳಿ ಸೊನ್ನೆಗಿಂತ ಹತ್ತು ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಿತ್ತು. ಅಂಥ ಚಳಿಯಲ್ಲಿ ಎಲ್ಲವೂ ತಲೆಕೆಳಗು. ಸೆಪ್ಟೆಂಬರಿನಲ್ಲಿ ಬಿಯರನ್ನು ತಣ್ಣಗಿಡುತ್ತಿದ್ದ ಪೆಟ್ಟಿಗೆಯಲ್ಲೇ ಜನವರಿಯಲ್ಲಿ ಅದು ಹೆಪ್ಪುಗಟ್ಟದಿರಲೆಂದು ಮುಚ್ಚಿಡಬೇಕು. ಲೈಟರ್ ಹೊತ್ತುವುದಿಲ್ಲ, ಅದನ್ನು ಕಂಕುಳಲ್ಲಿ ಬೆಚ್ಚಗಿಟ್ಟುಕೊಳ್ಳಬೇಕು. ಪ್ರೊಪೇನ್ ಉರಿ ಸೊರಗುತ್ತದೆ, ಇದ್ದಿಲೇ ಗತಿ. ಎರಡು ಜೊತೆ ಉಣ್ಣೆಯ ಕಾಲುಚೀಲ ಹಾಕಿದರೂ ನೆಲದ ಚಳಿ ಮೂಳೆಗೆ ಏರುತ್ತದೆ. ಅದಕ್ಕೆ ಉಪಾಯವೆಂದರೆ ಕಾಲಡಿಗೆ ರಟ್ಟು ಹಾಕಿ ನಿಲ್ಲುವುದು. ಅಜ್ಜಿಯ ದರಪಟ್ಟಿಯ ರಟ್ಟು ಕೂಡ ಅಂದು ಯಾರದೋ ಕಾಲಡಿಗೆ ಹೋಗಿತ್ತು. ಹೆಪ್ಪುಗಟ್ಟಿದ ಈರುಳ್ಳಿ ಚಾಕುವಿನಡಿ ಗಾಜಿನಂತೆ ಸದ್ದು ಮಾಡುತ್ತದೆ, ಕಣ್ಣು ಉರಿಸುವುದಿಲ್ಲ. ಇದೇನು ಚಳಿ ಎಂದು ಹಿರಿಯರು 1967ರ ಡಿಸೆಂಬರ್ 31ರ ‘ಐಸ್ ಬೌಲ್’ ಕಥೆ ತೆಗೆದರು: ಸೊನ್ನೆಗಿಂತ 25 ಡಿಗ್ರಿ ಕೆಳಗೆ, ತೀರ್ಪುಗಾರರ ಸೀಟಿ ಹೆಪ್ಪುಗಟ್ಟಿತ್ತು, ಡಲ್ಲಾಸ್ ವಿರುದ್ಧ 21–17. ಅವರ ತಂದೆ ಅಂದು ಅಲ್ಲಿದ್ದರಂತೆ. ಅಂದು ಅಲ್ಲಿ ತಮ್ಮ ತಂದೆಯಿರಲಿಲ್ಲ ಎನ್ನುವ ಒಬ್ಬರೂ ನನಗೆ ಆ ಊರಿನಲ್ಲಿ ಸಿಕ್ಕಿಲ್ಲ.

ಸಾಮಾನ್ಯ ಋತು ಮುಗಿದಾಗ ತಂಡ ತನ್ನ ವಿಭಾಗದಲ್ಲಿ ಮೊದಲ ಸ್ಥಾನದಲ್ಲಿತ್ತು, ತವರಿನ ಎಂಟಕ್ಕೆ ಎಂಟನ್ನೂ ಗೆದ್ದಿತ್ತು. 2022ರ ಜನವರಿ 22ರ ಶನಿವಾರ ರಾತ್ರಿ, ಸೋತರೆ ಋತುವೇ ಮುಗಿಯುವ ನಾಕೌಟ್ ಪಂದ್ಯಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ತಂಡ ಬಂತು. ಹಿರಿಯರೂ ಅವರ ಅಕ್ಕನ ಮಗನೂ ಒಳಗೆ ಹೋದರು. ಟೀಚರಮ್ಮ, ಅಣ್ಣ ಮತ್ತು ನಾನು ಹೊರಗೆ ಉಳಿದೆವು. ಮೊದಲ ದಾಳಿಯಲ್ಲೇ ಟಚ್‌ಡೌನ್ ಬಂದಾಗ ಹುಯ್ಲಿಗೆ ಮರದ ಮೇಲಿನ ಹಿಮ ಉದುರಿತೆಂದು ಅಣ್ಣ ಈಗಲೂ ವಾದಿಸುತ್ತಾರೆ. ಆಮೇಲೆ ಆಟ ಮಂದವಾಯಿತು, ಹಿಮ ಬೀಳತೊಡಗಿತು. ಪ್ಯಾಕರ್ಸ್ 10–3ರ ಮುನ್ನಡೆಯಲ್ಲಿತ್ತು, ಇನ್ನೈದು ನಿಮಿಷ ಕಳೆದರೆ ಸಾಕಿತ್ತು. ಟಿ.ವಿ.ಯಲ್ಲಿ ಪ್ಯಾಕರ್ಸ್ ಆಟಗಾರ ಚೆಂಡನ್ನು ದೂರಕ್ಕೆ ಒದೆಯಲು ಸಜ್ಜಾಗಿ ನಿಂತಿದ್ದ. ಕ್ರೀಡಾಂಗಣದ ಕಡೆಯಿಂದ ಏನೂ ಬರಲಿಲ್ಲ. ಟೀಚರಮ್ಮ ಟಿ.ವಿ.ಯಿಂದ ಮುಖ ತಿರುಗಿಸಿ ಕ್ರೀಡಾಂಗಣದ ದೀಪಗಳ ಕಡೆಗೆ ನೋಡಿದರು. ಅಷ್ಟು ಹೊತ್ತು ಎಡೆಬಿಡದೆ ಇದ್ದ ಗುಂಯ್‌ಗುಡುವಿಕೆ, ಮಿಕ್ಸರ್ ಆರಿಸಿದಂತೆ, ನಿಂತುಹೋಗಿತ್ತು. ಆಮೇಲೆ ಪರದೆಯ ಮೇಲೆ ಒದ್ದ ಚೆಂಡು ಯಾರದೋ ಕೈಗೆ ಬಡಿದು, ಹಿಮದಲ್ಲಿ ಪುಟಿದು, ಕೆಂಪು ಪಟ್ಟಿಯ ಬಿಳಿ ಅಂಗಿಯವನೊಬ್ಬ ಅದನ್ನೆತ್ತಿಕೊಂಡು ಗೆರೆ ದಾಟಿದ. 10–10.

ಕೊನೆಯ ಒದೆತವನ್ನು ನಾವು ನೋಡಲೇ ಇಲ್ಲವೆಂದರೂ ಆದೀತು. ಸ್ಯಾನ್ ಫ್ರಾನ್ಸಿಸ್ಕೋದ ರಾಬಿ ಗೌಲ್ಡ್ ಚೆಂಡನ್ನು ಕಂಬಗಳ ನಡುವೆ ಒದ್ದು ಅಂಕ ಗಳಿಸುವ ಫೀಲ್ಡ್ ಗೋಲಿಗೆ, 45 ಗಜ ದೂರದಿಂದ ಒದೆಯಲು ಹೆಜ್ಜೆ ಅಳೆಯುತ್ತಿದ್ದಾಗಲೇ ಮತ್ತೆ ಆ ನಿಶ್ಶಬ್ದ ಬಂತು. ಅದರ ಆಚೆ ಎಲ್ಲೋ ಒಂದು ಮೂಲೆಯಿಂದ ಬೆರಳೆಣಿಕೆಯ ಜನರ ತೆಳ್ಳನೆಯ ಕೂಗು. ಅಣ್ಣ ಕೈಚಾಚಿ ಟಿ.ವಿ. ಆರಿಸಿದರು. 13–10. ಎದುರಾಳಿಗಳು ತಮ್ಮ ದಾಳಿಯಿಂದ ಒಂದು ಟಚ್‌ಡೌನನ್ನೂ ಗಳಿಸದೆ ಗೆದ್ದಿದ್ದರು.

ಒಳಗಿದ್ದ ಇಬ್ಬರೂ ಬರುವಾಗ ಹತ್ತೂವರೆ ದಾಟಿತ್ತು. ಬೀದಿಯ ತುಂಬ ಜನ, ಬೂಟುಗಳು ಹಿಮ ತುಳಿಯುವ ಸದ್ದು ಬಿಟ್ಟರೆ ಮಾತಿಲ್ಲ. ಹಿರಿಯರು ಟೋಪಿಯ ಹಿಮ ಕೊಡವಿ, ಬೀದಿಯ ತುದಿಯವರೆಗೆ ಕೆಂಪು ದೀಪ ಹೊತ್ತಿಸಿ ನಿಂತ ಕಾರುಗಳ ಸಾಲನ್ನೊಮ್ಮೆ ನೋಡಿದರು. ಕೀಲಿಕೈ ನನ್ನ ಬಳಿಯಿತ್ತು. ಹೊರಡೋಣವೇ ಎಂದು ಕೇಳಿದೆ. ಒಂದು ಗಂಟೆ ಯಾವ ಗಾಡಿಯೂ ಅಲುಗಾಡುವುದಿಲ್ಲ ಎಂದು ಹೇಳಿ ಅವರು ಒಲೆಯ ಮುಚ್ಚಳ ತೆಗೆದು, ಬೂದಿ ಕೆದಕಿ, ಇನ್ನೂ ಕೆಂಪಗಿದ್ದ ನಾಲ್ಕೈದು ಕೆಂಡಗಳನ್ನು ಒಂದೆಡೆಗೆ ತಂದರು. ಅಕ್ಕನ ಮಗ ಉಳಿದ ಇದ್ದಿಲನ್ನು ಸುರಿದ. ಟೀಚರಮ್ಮ ಒಂದು ರಟ್ಟನ್ನು ನನ್ನ ಕಾಲಡಿಗೆ ತಳ್ಳಿದರು. ಈರುಳ್ಳಿ ಎಷ್ಟು ಉಳಿದಿದೆ ಎಂದು ಹಿರಿಯರು ಕೇಳಿದರು.

ಮೂರು ಇದೆ ಎಂದೆ. ಕೈಗವಸು ಕಳಚಿ ಚಾಕು ಹುಡುಕತೊಡಗಿದೆ.